ಫ್ಯೂಸಿಲ್ಲದೆ ಹತ್ತಿದ ಬ್ರೇಕ್ ಲೈಟು

ಇಂಥ ಕಥೆ ಯಾರಾದರೂ ಹೇಳಿದರೆ, ಮೊದಲು ಕಣ್ಣು ತೋರಿಸಿಕೊಳ್ಳಿ ಎಂದು ಗೇಲಿ ಮಾಡುತ್ತಿದ್ದವನು ನಾನು. ಈಗ ನೀವು ನನಗೆ ಅದನ್ನೇ ಹೇಳಿದರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಶೆಟ್ಟಿಕೊಪ್ಪದಲ್ಲಿ ತಮ್ಮನ ಮದುವೆ ಮುಗಿಸಿ, ಮದುಮಕ್ಕಳನ್ನು ನನ್ನ ಹಳೇ ಕಾರಿನಲ್ಲಿ ಕಿಗ್ಗದ ಮನೆಗೆ ಕರೆತರುತ್ತಿದ್ದೆ. ಮದುಮಗಳು ಬಲು ಮಾತುಗಾತಿ, ಕಾರಿನ ತುಂಬ ನಗು. ಹಿಂದಿನ ಜೀಪಿನಲ್ಲಿ ಅಮ್ಮ ಮತ್ತು ಅತ್ತೆಯಂದಿರಿದ್ದರು. ಅದನ್ನು ಓಡಿಸುತ್ತಿದ್ದವನು ಚಿಕ್ಕಪ್ಪನ ಮಗ ಸುಧೀರ.

ಕೊಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸುಧೀರ ಓಡಿಬಂದ.

"ನಿನ್ ಬ್ರೇಕ್ ಲೈಟೇ ಬರ್ತಿಲ್ಲ ಮಾರಾಯ. ಮುಂದೆ ಮಂಜು ಬೇರೆ. ನೀ ನಿಲ್ಸಿದ್ದು ನಂಗೆ ಹೆಂಗೆ ಗೊತ್ತಾಗ್ಬೇಕು?"

ಬ್ರೇಕೇನೋ ಸರಿಯಾಗಿಯೇ ಇತ್ತು. ಸ್ಟೇರಿಂಗ್ ಕೆಳಗಿನ ಪೆಟ್ಟಿಗೆ ತೆರೆದು, ಮುಚ್ಚಳದ ಚಿತ್ರ ನೋಡಿ, ಬ್ರೇಕ್ ಲೈಟಿನ ಫ್ಯೂಸ್ ಹುಡುಕಿ ಕಿತ್ತೆ. ಒಳಗಿನ ತಂತಿ ಸುಟ್ಟು ತುಂಡಾಗಿತ್ತು. ಇದ್ದೊಂದು ಸ್ಪೇರ್ ಹಾಕಿ ಪೆಡಲ್ ಒತ್ತಿದೆ, ಅದೂ ಹೋಯಿತು. ತಮ್ಮನ ಗೆಳೆಯರ ಕೆಲಸ! ಕಾರಿನ ಹೂವಿನ ನಡುವೆ ಸೀರಿಯಲ್ ಲೈಟು ಸುತ್ತಿ, ಬ್ರೇಕ್ ಹಾಕಿದಾಗಲೆಲ್ಲ ಮಿನುಗಲಿ ಎಂದು ಅದನ್ನು ಬ್ರೇಕ್ ಲೈಟಿನ ತಂತಿಗೇ ಗಂಟುಹಾಕಿದ್ದರು. ಬಿಚ್ಚಲು ಹೋದರೆ ಅಮ್ಮ ಬಿಡಲಿಲ್ಲ.

"ಹೆಣ್ಣು ಹೊಸಿಲು ದಾಟೋಕ್ ಮುಂಚೆ ದಿಬ್ಬಣದ ಹೂ ಕೀಳ್ತಾರನಾ? ನಿಧಾನ ಹೋದ್ರಾತು."

ಫ್ಯೂಸಿನ ಜಾಗ ಖಾಲಿ ಬಿಟ್ಟೆ. ನಿಧಾನಿಸುವಾಗ ಕಿಟಕಿಯಿಂದ ಕೈ ಹೊರಗೆ ಹಾಕುತ್ತೇನೆ, ದೂರದಲ್ಲೇ ಬಾ ಎಂದು ಸುಧೀರನಿಗೆ ಹೇಳಿ ಹೊರಟೆ.

ಶೃಂಗೇರಿಗೆ ಮೊದಲು ಮಂಜು ಕವಿಯಿತು. ಒಂದು ತಿರುವಿನಲ್ಲಿ ಬಿದಿರಿನ ಮೆಳೆಯೇ ರಸ್ತೆಗೆ ಅಡ್ಡ ಬಿದ್ದಿತ್ತು. ಗಕ್ಕನೆ ಬ್ರೇಕ್ ಒತ್ತಿದೆ. ಕೈ ಹೊರಗೆ ಹಾಕಲು ಪುರುಸೊತ್ತೆಲ್ಲಿ? ಕನ್ನಡಿಯಲ್ಲಿ ಜೀಪಿನ ದೀಪಗಳು ನುಗ್ಗಿ ಬರುತ್ತಿದ್ದವು. ಅಮ್ಮ ಜೀಪಿನ ಮುಂದಿನ ಸೀಟಿನಲ್ಲಿದ್ದಾರೆ ಎಂಬುದು ಆಗ ನೆನಪಾಯಿತು.

ಜೀಪು ಒಂದು ಮಾರು ಹಿಂದೆ ನಿಂತಿತು.

ಸುಧೀರ ನಗುತ್ತಾ ಇಳಿದ. "ಲೈಟ್ ಯಾವಾಗ ಸರಿ ಮಾಡ್ದೆ ಅಣ್ಣ? ಕೆಂಪಗೆ ಹತ್ಕಂಡಿದ್ದಕ್ಕೆ ಬಚಾವು!"

ತಾನೂ ನೋಡಿದೆ ಎಂದರು ಅಮ್ಮ. ನಾನು ಪೆಟ್ಟಿಗೆ ತೆರೆದೆ. ಫ್ಯೂಸಿನ ಜಾಗ ಖಾಲಿಯೇ ಇತ್ತು. ಮತ್ತೆ ಪೆಡಲ್ ಒತ್ತಿದರೆ ಏನೂ ಹತ್ತಲಿಲ್ಲ. ನಾನೊಬ್ಬ ಪೆಚ್ಚಾಗಿ ನಿಂತಿದ್ದರೆ, ಉಳಿದವರೆಲ್ಲ ಹುಯ್ಯೆಂದು ಬಿದಿರು ಎಳೆದು ಬದಿಗೆ ಹಾಕಿದರು. ರೇಷ್ಮೆ ಸೀರೆಯ ಮದುಮಗಳೂ ಒಂದು ಕೈ ಹಚ್ಚಿದಳು. ಆಮೇಲೆ ಮನೆಯವರೆಗೂ ಹಾಡೇ ಹಾಡು. ಅಷ್ಟು ಸಂತೋಷದ ಪ್ರಯಾಣ ನಾನು ಇನ್ನೊಂದು ಮಾಡಿಲ್ಲ.

ಜೀಪಿನದೇ ಹೆಡ್‌ಲೈಟು ಕಾರಿನ ಹಿಂದಿನ ಕೆಂಪು ಗಾಜಿಗೆ ಬಡಿದು ಹೊಳೆದಿರಬೇಕು ಎಂದು ವಾದಿಸಿ ನೋಡಿದೆ. ಹಾಗಿದ್ದರೆ ದಾರಿಯುದ್ದಕ್ಕೂ ಯಾಕೆ ಹೊಳೆಯಲಿಲ್ಲ ಎಂದ ಸುಧೀರ.

ಅಮ್ಮನಿಗೆ ಇದು ತಲೆಬಿಸಿಯ ವಿಷಯವೇ ಅಲ್ಲ. "ಎಲ್ಲ ಮನೆ ಸೇರಿದ್ವಲ್ಲ, ಇನ್ನೆಂತ ಬೇಕು ನಿಂಗೆ?" ಎನ್ನುತ್ತಾರೆ. ತಮ್ಮನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎರಡು ಕೆಂಪು ದೀಪ ಒಟ್ಟಿಗೇ ಹತ್ತಿದವು ಎಂದು ಕಥೆ ಹೇಳುತ್ತಾರೆ. ಮದುವೆಯ ಮರುದಿನ ಮೆಕ್ಯಾನಿಕ್ ಹಿಂದಿನ ಗಾಜು ಬಿಚ್ಚಿದಾಗ ಪಕ್ಕದಲ್ಲೇ ನಿಂತಿದ್ದೆ. ಎಡಗಡೆ ಬಲ್ಬೇ ಇರಲಿಲ್ಲ.