ಆವು, ಯಾವು

ಸುಲೋಚನಕ್ಕ ಆ ದಿನ "ಯಾವು" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಬೇರೇನೋ ಕೇಳಿಸಿತು ಎಂದು ಎಲ್ಲರಿಗೂ ಹೇಳಿದೆ. ಎರಡು ವರ್ಷ ಆ ಸುಳ್ಳನ್ನು ಇಟ್ಟುಕೊಂಡೇ ಕೆಲಸ ಮಾಡಿದೆ. ಇವತ್ತು ಬೆಳಿಗ್ಗೆ ಅವರ ಮುಖ ನೋಡಿಯೇ ಅದನ್ನು ಹೇಳಿದೆ. ಹೇಳಲು ಆಯಿತಲ್ಲ ಎಂಬ ಒಂದು ಬಗೆಯ ಸಂಭ್ರಮ ಇನ್ನೂ ಇಳಿದಿಲ್ಲ. ಆ ಸಂಭ್ರಮಕ್ಕೂ ನನಗೆ ಹಕ್ಕಿದೆಯೋ ಇಲ್ಲವೋ —

ನಾನು ಮಣ್ಣಗುಡ್ಡದ ಒಂದು ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ಸುಲೋಚನಕ್ಕ ಕುದ್ರೋಳಿಯಲ್ಲಿ ರವಿಕೆ ಹೊಲಿಯುವವರು. ರುಮಟಾಯ್ಡ್ ಸಂಧಿವಾತ ಅವರ ಬೆರಳುಗಳಿಗೆ ಬಂದು ಕೂತಿತ್ತು. ಬೆಳಿಗ್ಗೆ ಎದ್ದು ಎರಡು ಗಂಟೆ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಮಾತ್ರೆ ಡಾಕ್ಟರರದು. ವಾರಕ್ಕೆ ಎರಡು ಸಲ ಬಿಸಿನೀರಿನ ಶಾಖ ಕೊಟ್ಟು, ಎಣ್ಣೆ ಹಚ್ಚಿ, ಅಂಗೈ ಬೆರಳುಗಳನ್ನು ಹಗುರವಾಗಿ ನೀವಿ ಮಡಚಿಸುವ ಕೆಲಸ ನನ್ನದು.

ನಮ್ಮ ಮನೆಮಾತು ಕೊಂಕಣಿ. ಬಸ್ಸಿನಲ್ಲಿ ಬೇಕಾದಷ್ಟು ತುಳು ಮಾತ್ರ ನನಗೆ ಗೊತ್ತಿತ್ತು. ಕೊಂಕಣಿ ಹುಡುಗಿಯರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದು ಕರೆದು, ಮೊದಲ ದಿನವೇ ಅವರು ತಮ್ಮ ತುಳುವಿನ ಪಾಠ ಶುರು ಮಾಡಿದರು.

"ಬಾಯಮ್ಮ, ಎರಡು ಪದ ಕಲ್ತುಕೋ. ಆವು ಅಂದ್ರೆ ಆಗಬಹುದು, ಒತ್ತು. ಯಾವು ಅಂದ್ರೆ ಸಾಕು, ಕೈ ತೆಗಿ."

"ಎರಡೂ ಒಂದೇ ಥರ ಉಂಟಲ್ಲ ಅಕ್ಕ."

"ನಿನ್ನ ಕಿವಿಗೆ ಒಂದೇ. ನನ್ನ ಬೆರಳಿಗೆ ಬೇರೆ ಬೇರೆ ಮಾರಾಯ್ತಿ."

ಆಮೇಲೆ ಬೇಕೆಂದೇ ನಾನು ಅವೆರಡನ್ನು ಅದಲುಬದಲು ಮಾಡಿ ಹೇಳುತ್ತಿದ್ದೆ. ಅವರು ನೋವನ್ನು ಮರೆತು ನಗುತ್ತಿದ್ದರು. ಮಾತು ಕಡಿಮೆಯ ನನಗೆ ಯಾರನ್ನಾದರೂ ಹಾಗೆ ನಗಿಸಲು ಬರುತ್ತದೆಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅವರಿಗೆ ಒಂದೇ ಆಸೆ. ತಮ್ಮನ ಮಗಳ ಮದುವೆಯ ರವಿಕೆಯನ್ನು ತಾವೇ ಹೊಲಿಯಬೇಕು, ಹುಕ್ಕುಗಳನ್ನು ಕೈಯಲ್ಲೇ ಹಾಕಬೇಕು. ಮದುವೆಗೆ ಆರು ವಾರ ಇತ್ತು. ಬಲಗೈಯ ತೋರುಬೆರಳು ಅಂಗೈಯನ್ನು ಮುಟ್ಟುತ್ತಿರಲಿಲ್ಲ. ಆದರೆ ಪ್ರತಿ ವಾರ ಕೂದಲೆಳೆಯಷ್ಟು ಹತ್ತಿರ ಬರುತ್ತಿತ್ತು. ನನ್ನ ಕೈಕೆಳಗೆ ಒಂದು ಬೆರಳು ದಾರಿ ನೆನಪಿಸಿಕೊಳ್ಳುತ್ತಿತ್ತು! ರಾತ್ರಿ ಊಟಕ್ಕೆ ಕೂತರೂ ನನ್ನ ಬೆರಳನ್ನೇ ಮಡಚಿ ಮಡಚಿ ಅಂತರ ಅಳೆಯುತ್ತಿದ್ದೆ. ಕ್ಲಿನಿಕ್ಕಿನ ಮೇಡಂ, "ಮುಷ್ಟಿ ಪೂರ್ತಿ ಮುಚ್ಚಿದ ದಿನ ವಿಡಿಯೋ ಮಾಡು, ಕೆಲಸಕ್ಕೆ ಸೇರುವ ಹೊಸಬರಿಗೆ ತೋರಿಸುವ" ಎಂದಿದ್ದರು.

ಆ ದಿನ ಬಂದೇಬಿಟ್ಟಿತು ಎಂದು ನನಗೆ ಅನಿಸಿತು. ಫೋನನ್ನು ಎಣ್ಣೆಬಾಟಲಿಗೆ ಒರಗಿಸಿ ರೆಕಾರ್ಡಿಂಗ್ ಒತ್ತಿದೆ. ತೋರುಬೆರಳಿನ ಬುಡದ ಗಂಟು ಬಿಸಿಯಾಗಿತ್ತು — ಮುಟ್ಟಿದ ಕೂಡಲೇ ತಿಳಿಯಿತು. ಬಿಸಿಯಾಗಿ ಊದಿದ ಗಂಟನ್ನು ಒತ್ತಬಾರದು, ಅದು ನಾವು ಮೊದಲ ವರ್ಷದಲ್ಲೇ ಕಲಿಯುವ ಪಾಠ. ನೀರಿನ ಶಾಖ ಇರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಆ ಹೊತ್ತಿಗೆ ನನಗೆ ಬೇಕಾಗಿತ್ತು. ಬೆರಳು ಇಳಿಯಿತು, ಇನ್ನೂ ಇಳಿಯಿತು, ಭತ್ತದ ಕಾಳಿನಷ್ಟು ಜಾಗ ಉಳಿಯಿತು.

"ಯಾವು," ಎಂದರು ಸುಲೋಚನಕ್ಕ.

"ಇನ್ನೊಂದು ಚೂರು ಅಕ್ಕ."

ಒತ್ತಿದೆ. ಬೆರಳು ಅಂಗೈಯನ್ನು ಮುಟ್ಟಿತು. ನಾನು ಚಪ್ಪಾಳೆ ತಟ್ಟಿದೆ. ಅವರ ಕಣ್ಣಲ್ಲಿ ನೀರಿತ್ತು, ಖುಷಿಗೆ ಎಂದುಕೊಂಡೆ.

ಮರುದಿನ ಅವರು ಎಡಗೈಯಲ್ಲಿ ಬಲಗೈಯನ್ನು ಹೊತ್ತುಕೊಂಡು ಬಂದರು. "ನೋಡಿ ಮೇಡಂ, ಬನ್ಸಿನ ಹಾಗೆ ಉಬ್ಬಿದೆ." ಮೇಡಂ ನನ್ನ ಕಡೆ ತಿರುಗಿ, "ಎಂತ ಆಯ್ತು?" ಎಂದು ಕೇಳಿದರು. ಉತ್ತರ ನಾಲಿಗೆಯ ತುದಿಯಲ್ಲಿ ತಯಾರಾಗಿತ್ತು: "ಅವರು ಆವು ಅಂದದ್ದು ಅಂತ ನಾನು ಗ್ರಹಿಸಿದೆ."

ಮೇಡಂ ಹಣೆ ಚಚ್ಚಿಕೊಂಡರು. "ನಿನ್ನ ಕೊಂಕಣಿ ಕಿವಿ ಒಂದು."

ಸುಲೋಚನಕ್ಕ ನನ್ನ ಪರವಾಗಿ ಮಾತಾಡಿದರು. "ಬೈಬೇಡಿ ಅವಳಿಗೆ. ನಾನೇ ಕನ್ನಡದಲ್ಲಿ ಹೇಳಬೇಕಿತ್ತು."

ವಿಡಿಯೋ ಸರಿಯಾಗಿ ಬರಲಿಲ್ಲ ಎಂದೆ. ಅದೂ ಸುಳ್ಳು. ಅದರಲ್ಲಿ ಅವರ ಯಾವು, ನನ್ನ ಇನ್ನೊಂದು ಚೂರು, ಎಲ್ಲವೂ ಇತ್ತು. "ಆಗಬಹುದು" ಎಂದವರಿಗೆ "ಇನ್ನೊಂದು ಚೂರು" ಎಂದು ಯಾರೂ ಗೋಗರೆಯುವುದಿಲ್ಲ. ಸಾಕು ಎಂದವರಿಗೆ ಮಾತ್ರ ಹಾಗೆ ಹೇಳುತ್ತೇವೆ. ಇಷ್ಟು ಸಣ್ಣ ವಿಷಯವನ್ನು, ಆ ಮಾತು ಕೇಳಿಸಿಕೊಂಡ ಸುಲೋಚನಕ್ಕನೂ ಗಮನಿಸಲಿಲ್ಲ — ಗಮನಿಸಿದ್ದು ನಾನೊಬ್ಬಳೇ.

ಕಾಯಿಲೆ ಹೇಗೂ ಕೆರಳುವುದರಲ್ಲಿತ್ತೇನೋ ಎಂದು ಡಾಕ್ಟರರು ಹೇಳಿದರು. ಇರಬಹುದು. ಆದರೆ ಯಾವು ಎಂದ ಮೇಲೆ ಒತ್ತಿದ್ದು ಕಾಯಿಲೆಯಲ್ಲ.

ಮದುವೆಗೆ ನನ್ನನ್ನೂ ಕರೆದಿದ್ದರು. ಹೋಗಿ ಉಂಡು ಬಂದೆ. ಸುಲೋಚನಕ್ಕ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು. ಮದುಮಗಳ ಬೆನ್ನು ತೋರಿಸಿ, "ಹೊರಗೆ ಹೊಲಿಸಿದ್ದು. ಒಂದು ಹುಕ್ಕು ಈಗಲೇ ಬಿಟ್ಟಿದೆ, ಪಿನ್ನು ಹಾಕಿದ್ದೇನೆ ನೋಡಿ," ಎಂದರು. "ನೋಡಿ" ಎಂದರು. ಕೈ ಊದಿದ ಆ ದಿನದ ನಂತರ ಅವರು ನನ್ನ ಹತ್ತಿರ ತುಳು ಆಡುವುದನ್ನೇ ಬಿಟ್ಟಿದ್ದರು. ಕನ್ನಡದಲ್ಲಿ ನಾನು "ನೀವು" ಆಗಿಹೋಗಿದ್ದೆ. ಬಾಯಮ್ಮ ಎಂದು ಮತ್ತೆ ಕರೆಯಲಿಲ್ಲ. ಅದು ಕೋಪವಲ್ಲ, ಎಚ್ಚರಿಕೆ. ಇನ್ನೊಮ್ಮೆ ತಮ್ಮಿಂದ ತಪ್ಪಾಗಬಾರದು ಎಂಬ ಎಚ್ಚರಿಕೆ.

ಕೆಲವು ತಿಂಗಳ ನಂತರ ಬರುವುದನ್ನು ನಿಲ್ಲಿಸಿದರು. ಹೊಸ ಔಷಧದಿಂದ ನೋವು ಹತೋಟಿಗೆ ಬಂದಿದೆಯಂತೆ. ಇವತ್ತಿನ ಪಟ್ಟಿಯಲ್ಲಿ ಮತ್ತೆ ಅವರ ಹೆಸರಿತ್ತು. ನೋಡಿದ್ದೇ ತಡ, ಮನಸ್ಸು ಓಡತೊಡಗಿತು — ಇವತ್ತೇ ಹೇಳಬೇಕು, ಎಣ್ಣೆ ಮುಟ್ಟುವ ಮೊದಲೇ. ಮೆಟ್ಟಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದಾಗ ಎಣ್ಣೆಬಾಟಲಿಯನ್ನು ಪಕ್ಕಕ್ಕೆ ಸರಿಸಿಟ್ಟೆ. ಅವರು ಕೂರುವ ಮುಂಚೆಯೇ ಹೇಳಿಬಿಟ್ಟೆ.

"ಅಕ್ಕ, ಆವತ್ತು ನೀವು ಯಾವು ಅಂದದ್ದು ನನಗೆ ಕೇಳಿಸಿತ್ತು. ಕೇಳಿಸಿಯೇ ಒತ್ತಿದೆ. ಆಮೇಲೆ ಸುಳ್ಳು ಹೇಳಿದೆ."

ಅವರು ತಮ್ಮ ತೋರುಬೆರಳನ್ನು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಎರಡು ವರ್ಷ ನನ್ನ ನಾಲಿಗೆಗೆ ಬೈದುಕೊಂಡೆನಲ್ಲ."

ಮೇಡಂಗೆ ಇವತ್ತೇ ಹೇಳುತ್ತೇನೆ, ವಿಡಿಯೋವನ್ನೂ ತೋರಿಸುತ್ತೇನೆ ಎಂದೆ. ಬೇಡ ಎಂದು ಅವರು ಹೇಳಲಿಲ್ಲ. ಸಂಜೆ ತೋರಿಸಿದೆ. ಹೊಸಬರಿಗೆ ಅದನ್ನು ನಾನೇ ತೋರಿಸಬೇಕು, ಆ ಎರಡು ಪದಗಳ ಸಮೇತ — ಅದು ಮೇಡಂ ಅವರ ತೀರ್ಮಾನ. ಒಪ್ಪಿದ್ದೇನೆ.

ಬೆಳಿಗ್ಗೆ ಸುಲೋಚನಕ್ಕ ಎದ್ದು ಹೋಗುತ್ತಾರೆಂದುಕೊಂಡಿದ್ದೆ. ಅವರು ಕೂತರು. "ಕೈ ಹಿಡೀರಿ," ಎಂದು ಮುಂದೆ ಚಾಚಿದರು. ಗಂಟುಗಳು ತಣ್ಣಗಿದ್ದವು, ಒಂದೊಂದನ್ನೂ ಮುಟ್ಟಿ ನೋಡಿಯೇ ಶುರು ಮಾಡಿದೆ. ಬೆರಳು ಇಳಿಯಿತು. ಅಂಗೈ ಮುಟ್ಟಲು ಇನ್ನೂ ಜಾಗವಿತ್ತು.

"ಸಾಕು," ಎಂದರು. ಕನ್ನಡದಲ್ಲಿಯೇ.

ಎರಡೂ ಕೈಗಳನ್ನು ತೆಗೆದೆ.