ಡ್ರಮ್ಮಿನಲ್ಲಿದ್ದ ಎಡಗಾಲಿನ ಚಪ್ಪಲಿ

ಅಂದು ಬೆಳಿಗ್ಗೆಯೂ ಎಂದಿನಂತೆ ನಳ ತಿರುಗಿಸಿ ಕಿವಿಗೊಟ್ಟೆ. ಬರೀ ಗಾಳಿ. ಬರಗಾಲದ ಆ ವರ್ಷ ಬೀದರಿನ ನಮ್ಮ ಓಣಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಖಾಲಿ ಡ್ರಮ್ಮಿಗೆ ಮುಚ್ಚಳ ಹಾಕಿ ಚಹಾಕ್ಕಿಟ್ಟೆ. ಭಾಲ್ಕಿಯಿಂದ ಬಂದಿದ್ದ ನಮ್ಮವರ ಕಾಕಾ ಚಹಾ ಕುಡಿದು ರೈಲಿಗೆ ಹೊರಡುವವರಿದ್ದರು.

ಒಳಗೆ ನಾದಿನಿಯ ಮಗಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಹದಿಮೂರು ವರ್ಷ. ಔರಾದ್ ಕಡೆಯ ಸಂತಪುರದ ಮನೆಗೆ ಕೀಲಿ ಹಾಕಿ ಅವಳ ಅಪ್ಪ ಅಮ್ಮ ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಇವಳನ್ನು ಶಾಲೆಗೆಂದು ನಮ್ಮಲ್ಲಿ ಬಿಟ್ಟಿದ್ದರು. ಬಂದ ಹೊಸದರಲ್ಲೇ ಅವಳಿಗೊಂದು ಚಟ ಹತ್ತಿತು. ಮನೆಗೆ ಯಾರೇ ಬರಲಿ, ಹೊರಡುವ ಹೊತ್ತಿಗೆ ಅವರ ಎಡಗಾಲಿನ ಚಪ್ಪಲಿ ಮಾಯ. ಅದು ಸಿಗುವವರೆಗೆ ಅವರು ಕೂರಲೇಬೇಕು. ನಮ್ಮವರು ಬೈಯುತ್ತಿದ್ದರು. ನಾನು ಗಮನಿಸಿದ್ದು ಬೇರೆ: ಚಪ್ಪಲಿ ಮಾಯವಾದ ದಿನ ಅವಳು ಎರಡು ರೊಟ್ಟಿ ತಿನ್ನುತ್ತಿದ್ದಳು. ಹಬ್ಬಕ್ಕೆ ಬರಲಾಗುವುದಿಲ್ಲವೆಂದು ಅಮ್ಮನ ಕಾಗದ ಬಂದ ಮೇಲೆ, ಈಗ ನಾಲ್ಕು ದಿನದಿಂದ, ಯಾರ ಚಪ್ಪಲಿಯೂ ಕಳೆದಿರಲಿಲ್ಲ. ರೊಟ್ಟಿ ಹಾಗೇ ಉಳಿಯುತ್ತಿತ್ತು. ಕರೆದರೂ ಓಗೊಡುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು.

ಸುಳ್ಳು ಹೇಳಬಾರದೆಂದು ಚಿಕ್ಕಂದಿನಲ್ಲಿ ನನಗೆ ಕಾನ್ವೆಂಟಿನಲ್ಲಿ ಕಲಿಸಿದ್ದರು. ಚಪ್ಪಲಿ ಬಚ್ಚಿಡಬಾರದೆಂದು ಯಾರೂ ಹೇಳಿರಲಿಲ್ಲ. ಕಾಕಾ ಬಚ್ಚಲಿಗೆ ಹೋದಾಗ ಅವರ ಎಡಗಾಲಿನದನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ತಂದೆ.

"ಏ ಹುಡುಗೀ, ಎಲ್ಲಿಟ್ಟಿ ನನ್ನ ಚಪ್ಪಲಿ?" ಕಾಕಾ ಒಂದೇ ಚಪ್ಪಲಿ ಮೆಟ್ಟಿ ನಿಂತು ಕೂಗಿದರು. "ಭಾಲ್ಕಿ ಗಾಡಿ ನನ್ನ ದಾರಿ ಕಾಯ್ತದೇನ?"

ಅವಳು ದಡಬಡಿಸಿ ಎದ್ದು ಬಂದಳು. "ನಾ ಅಲ್ರಿ! ಖರೇನ ನಾ ಅಲ್ರಿ!"

"ನೀ ಅಲ್ಲಂದ್ರ ಅದೇನ್ ತಾನಾ ನಡ್ಕೊಂಡ್ ಹೋಯ್ತೇನ?"

ತನ್ನ ಕಸುಬಿಗೆ ಯಾರೋ ಕೈ ಹಾಕಿದ ಸಿಟ್ಟು ಅವಳ ಮುಖದಲ್ಲಿತ್ತು. ಕಟ್ಟಿಗೆಯ ಸಂದು, ಮಂಚದ ಕೆಳಗೆ, ಹಳೇ ಟ್ರಂಕಿನ ಹಿಂದೆ, ಹೀಗೆ ತನ್ನ ಗುಟ್ಟಿನ ಜಾಗಗಳನ್ನೆಲ್ಲ ತಾನೇ ತೋರಿಸಿಕೊಡುತ್ತ ಹುಡುಕಿದಳು. ಕೊನೆಗೆ ಡ್ರಮ್ಮಿನ ಮುಚ್ಚಳ ಓರೆಯಾಗಿದ್ದುದು ಕಣ್ಣಿಗೆ ಬಿತ್ತು. ಬಗ್ಗಿ ಚಪ್ಪಲಿ ತೆಗೆದು, ನನ್ನ ಮುಖ ನೋಡಿದಳು.

ಕಾಕಾ ಹೋದ ಮೇಲೆ ಪಿಸುಗುಟ್ಟಿದಳು: "ಅತ್ತಿ, ಮುಚ್ಚಳ ನೆಟ್ಟಗ ಹಾಕಬೇಕ್ರಿ."

ಮಧ್ಯಾಹ್ನ ಒಂದು ರೊಟ್ಟಿ ತಿಂದಳು. ಆಮೇಲೆ ಮತ್ತೆ ಗೋಡೆಯ ಕಡೆ ತಿರುಗಿದಳು. ಒಂದು ಚಪ್ಪಲಿಯಿಂದ ಎಲ್ಲ ಸರಿಹೋಗುತ್ತದೆಂದು ನಾನೂ ನಂಬಿರಲಿಲ್ಲ.

ಸಂಜೆ ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯಾಕೆ ಒಂದು ಕೊಡ ನೀರು ತಂದುಕೊಟ್ಟು, ಹರಟೆ ಹೊಡೆದು, ಹೊರಡಲು ಎದ್ದರು. ಬಾಗಿಲಲ್ಲಿ ಬಲಗಾಲಿನ ಚಪ್ಪಲಿಯೊಂದೇ ಇತ್ತು. ಡ್ರಮ್ಮಿನ ಮುಚ್ಚಳ ಈಗ ನೆಟ್ಟಗೆ ಕೂತಿತ್ತು. ಕೋಣೆಯೊಳಗೆ ಯಾರೋ ನಗು ತಡೆದುಕೊಳ್ಳುತ್ತಿದ್ದರು.

ಖಾಲಾ ಹುಡುಕುವ ಗೋಜಿಗೇ ಹೋಗಲಿಲ್ಲ. ಬರಿಗಾಲಲ್ಲೇ ಮೆಟ್ಟಿಲಿಳಿದರು.

"ಇರ್ಲಿ ಬಿಡು ಬೇಟಿ, ನಾಳಿ ಕೊಡ ಒಯ್ಲಾಕ ಹ್ಯಾಂಗೂ ಬರ್ತೇನಲ್ಲ."