ಚಮಚದ ಮೇಷ್ಟ್ರು
ಬಿಳಿ ದೊರೆಗಳ ಕಾಲದ ಬೆಳ್ಳಿ ಚಮಚವೆಂದರೆ ನಮ್ಮ ಮೇಷ್ಟ್ರಿಗೆ ಪ್ರಾಣ, ಉಣ್ಣುವುದು ಮಾತ್ರ ಕೈಯಲ್ಲೇ. ಗುಜರಿ ಅಂಗಡಿಯಲ್ಲಿ ಚಮಚ ಸಿಕ್ಕರೆ ಹಿಂಬದಿಯ ಮುದ್ರೆ ಓದಿ, ತುದಿ ಸವರಿ, "ಎಡ ಅಂಚು ಸವೆದಿದೆ, ಬಲಗೈಯವರು ತಿಂದದ್ದು" ಎಂದು ಅದರ ಜಾತಕವನ್ನೇ ಹೇಳಿಬಿಡುತ್ತಾರೆ. ಹೊರಡುವಾಗ, "ಎಡಗೈಯವರದ್ದು ಬಂದರೆ ನನಗೇ ಎತ್ತಿಡಪ್ಪಾ" ಎನ್ನುತ್ತಾರೆ. ಪ್ರತಿ ಭಾನುವಾರ ಇನ್ನೂರು ಚಮಚಗಳನ್ನು ಸೀಮೆಸುಣ್ಣದ ಪುಡಿ ಹಾಕಿ ಫಳಫಳ ಉಜ್ಜುತ್ತಾರೆ. ಮನೆಗೆ ಹೋದವರು ಒಂದೊಂದರಲ್ಲೂ ತಮ್ಮ ಸೊಟ್ಟ ಮುಖ ನೋಡಿಕೊಂಡು ಭೇಷ್ ಅನ್ನಲೇಬೇಕು. ಮೊನ್ನೆ ಸಾಲಿನ ಕೊನೆಯಲ್ಲಿ ಕಪ್ಪಿಟ್ಟ ಚಮಚವೊಂದು ಕಂಡಿತು, ಬಲ ಅಂಚು ಸವೆದದ್ದು. ಇದೊಂದು ಉಳಿದುಹೋಗಿದೆಯಲ್ಲಾ ಎಂದು ನಾನು ಬಟ್ಟೆ ಎತ್ತಿಕೊಂಡರೆ ಮೇಷ್ಟ್ರು ಮೆಲ್ಲಗೆ ಕೈ ಹಿಡಿದರು. "ಅದು ಬೇಡಿ. ನಮ್ಮನೆಯವಳು ಎಡಚಿ. ಕೊನೇ ಸಲ ಅವಳೇ ತೊಳೆದಿಟ್ಟದ್ದು."